ಟಿವಿ ಮತ್ತು ಮನೆಯ ನೆಟ್‌ವರ್ಕ್: ಶಿಕಾರಿಪುರ, ಸೊರಬ

ಮನೆಯ ನೆಟ್‌ವರ್ಕಿಗೆ ಟಿವಿ ಸೇರಿಸುವುದೆಂದರೆ, ಅದೇ ಮನೆಯ ಮೊಬೈಲು, ಕಂಪ್ಯೂಟರು, ಹಾರ್ಡ್ ಡಿಸ್ಕುಗಳಲ್ಲಿರುವ ವಿಡಿಯೊ, ಹಾಡು, ಫೋಟೊಗಳನ್ನು ರೌಟರಿನ ಮೂಲಕ ತರಿಸಿಕೊಂಡು ಪರದೆಯಲ್ಲಿ ನೋಡುವಂತೆ ಮಾಡುವುದು. ಇಂಟರ್ನೆಟ್ಟಿನಿಂದ ಬರುವ ಸಿನಿಮಾ, ಧಾರಾವಾಹಿಗಳೂ ಕೊನೆಯ ಹತ್ತಿಪ್ಪತ್ತು ಅಡಿಗಳನ್ನು ಇದೇ ದಾರಿಯಲ್ಲಿ ದಾಟುತ್ತವೆ. ಹಾಗಾಗಿ ಎರಡನ್ನೂ ಒಂದೇ ಎಂದು ಎಣಿಸುವವರು ಹೆಚ್ಚು. ಲೈನು ಹೋದ ದಿನ ರೌಟರನ್ನೂ ಆರಿಸಿ ಕೂರುವುದು ಇದರಿಂದಲೇ. ಆದರೆ ರೌಟರಿನ ಒಳಗಡೆಯ ಜಾಲಕ್ಕೆ ಹೊರಗಿನ ಲೈನಿನ ಹಂಗಿಲ್ಲ. ನಲ್ಲಿ ಬಾರದ ದಿನವೂ ಹಿತ್ತಲ ಬಾವಿಯಿಂದ ನೀರು ಸೇದಬಹುದಲ್ಲವೆ, ಹಾಗೆ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲ್ಲೂಕುಗಳಂಥ ಕಡೆ ಮಳೆಗಾಲದಲ್ಲಿ ಹೊರಗಿನ ಲೈನನ್ನು ಪೂರ್ತಿ ನಂಬಲಾಗುವುದಿಲ್ಲ. ಅಲ್ಲಿ ಮನೆಯೊಳಗಿನ ಜಾಲವನ್ನು ಮೊದಲು ಗಟ್ಟಿಯಾಗಿ ಕಟ್ಟಿಕೊಳ್ಳಬೇಕು, ಇಂಟರ್ನೆಟ್ಟು ಅದಕ್ಕೆ ಬಂದು ಸೇರುವ ಹಲವು ಮೂಲಗಳಲ್ಲಿ ಒಂದಾಗಿರಬೇಕು ಎಂಬುದು ಈ ಲೇಖನದ ನಿಲುವು.

ಎರಡೂ ಅರೆಮಲೆನಾಡಿನ ತಾಲ್ಲೂಕುಗಳು. ಕುಮುದ್ವತಿ ಹರಿಯುವ ಶಿಕಾರಿಪುರದ ಕಡೆ ಭತ್ತ, ಮೆಕ್ಕೆಜೋಳದ ಬಯಲು ಹೆಚ್ಚು, ಮನೆಗಳು ಊರೊಳಗೆ ಒತ್ತಾಗಿವೆ. ಸೊರಬದಲ್ಲಿ, ಅದರಲ್ಲೂ ಚಂದ್ರಗುತ್ತಿಯ ಸೀಮೆಯಲ್ಲಿ, ಅಡಿಕೆ ತೋಟ ಮತ್ತು ಕಾನುಗಳ ನಡುವೆ ಒಂಟಿ ಮನೆಗಳು ಚದುರಿಕೊಂಡಿವೆ. ಟಿವಿ ಇಲ್ಲಿಗೆ ಬಂದ ಬಗೆಯಲ್ಲೂ ಈ ಭೂಗೋಳದ ಗುರುತಿದೆ. 1975–76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸಿದ ಸೈಟ್ ಪ್ರಯೋಗ ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳಿಗೆ ಸೀಮಿತವಾಗಿತ್ತು, ಮಲೆನಾಡು ಅದರಲ್ಲಿರಲಿಲ್ಲ. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಮರುಪ್ರಸಾರ ಕೇಂದ್ರಗಳು ಬಂದ ಮೇಲೆ ಹೆಂಚಿನ ಮಾಡಿನ ಮೇಲೆ ಆಂಟೆನಾ ಎದ್ದಿತು, ಗಾಳಿ ಬೀಸಿದಾಗಲೆಲ್ಲ ಅದನ್ನು ತಿರುಗಿಸುವ ಕೆಲಸವೂ ಜೊತೆಗೆ ಬಂತು. ಕೇಬಲ್ಲು ಪಟ್ಟಣಗಳನ್ನು ಬೇಗ ಹಿಡಿದರೂ ತೋಟದ ಮನೆಗಳವರೆಗೆ ತಂತಿ ಎಳೆಯುವುದು ಯಾರಿಗೂ ಗಿಟ್ಟುವ ಕೆಲಸವಲ್ಲ. ಅಂಥ ಮನೆಗಳಿಗೆ ಆಸರೆಯಾದದ್ದು ಡಿಶ್, 2004ರ ಡಿಸೆಂಬರಿನಿಂದ ತಿಂಗಳ ಬಾಡಿಗೆಯಿಲ್ಲದ ದೂರದರ್ಶನದ ಡಿಶ್ ಕೂಡ. ಡಿಶ್ಶುಗಳಿಗೆ ಬರುವ ಕೆಯು ಬ್ಯಾಂಡಿನ ತರಂಗವನ್ನು ದಪ್ಪ ಮಳೆಹನಿಗಳು ಹೀರಿ ಚದುರಿಸುತ್ತವೆ. ಹಾಗಾಗಿ ಮಳೆ ಜಡಿಯುವ ಹೊತ್ತಿನಲ್ಲೇ, ಜನ ಮನೆಯೊಳಗೆ ಕೂತಿರುವಾಗಲೇ, ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತದೆ.

ಫೈಬರ್ ಬಂದ ಮೇಲೆ ಈ ತೊಂದರೆ ತೀರಿತೆ? ಅರ್ಧ ತೀರಿತು. ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಒಯ್ಯುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದು 2011ರ ಅಕ್ಟೋಬರಿನಲ್ಲಿ. ಅದೇ ಮುಂದೆ ಭಾರತ್‌ನೆಟ್ ಆಯಿತು. ಬಿಎಸ್ಸೆನ್ನೆಲ್ ಮತ್ತು ಖಾಸಗಿ ಕಂಪನಿಗಳ ಫೈಬರನ್ನು ಮನೆಗೆ ಮುಟ್ಟಿಸುವ ಕೊನೆಯ ಹಂತದ ಕೆಲಸ ಹಲವು ಕಡೆ ಹಿಂದೆ ಕೇಬಲ್ ನಡೆಸುತ್ತಿದ್ದವರ ಕೈಗೇ ಬಂದಿದೆ. ಫೈಬರಿನೊಳಗಿನ ಬೆಳಕಿಗೆ ಮಳೆಯ ಭಯವಿಲ್ಲ. ಅದು ತೂಗಿಕೊಂಡಿರುವ ಕಂಬಕ್ಕೂ ಮರಕ್ಕೂ ಇದೆ. ಮುಂಗಾರಿನ ಮೊದಲ ಗಾಳಿಗೆ ಹಲಸಿನ ಕೊಂಬೆಯೊಂದು ತಂತಿಯ ಮೇಲೆ ಬಿದ್ದರೆ ಕೂದಲೆಳೆಯಷ್ಟು ಗಾಜಿನ ಎಳೆ ಒಳಗೇ ಮುರಿಯುತ್ತದೆ. ಅದನ್ನು ಬೆಸೆಯಲು ಸ್ಪ್ಲೈಸಿಂಗ್ ಯಂತ್ರ ಹೊತ್ತ ಹುಡುಗನೇ ಬರಬೇಕು, ಅವನು ಬರುವುದು ಮಳೆ ಬಿಟ್ಟ ಮೇಲೆ. ಒಂಟಿ ಮನೆಯ ಲೈನಾದರೆ ಸರದಿ ಕೊನೆಗೆ. ಆಂಟೆನಾ, ಡಿಶ್, ಫೈಬರ್ ಮೂರರಲ್ಲೂ ಸಾಮಾನ್ಯವಾದ ಸಂಗತಿ ಇದು: ಚಿತ್ರದ ಮೂಲ ಮನೆಯ ಹೊರಗಿದೆ, ಆ ಮೂಲಕ್ಕೆ ಹೋಗುವ ದಾರಿ ಮಳೆಗಾಲದಲ್ಲಿ ಕೈಕೊಡುತ್ತದೆ.

ಮನೆಯ ಜಾಲದ ಕಥೆ ಬೇರೆ. ರೌಟರು ಟಿವಿಗೂ ಮೊಬೈಲಿಗೂ ಕಂಪ್ಯೂಟರಿಗೂ ಸಾಮಾನ್ಯವಾಗಿ 192.168 ಎಂದು ಶುರುವಾಗುವ ವಿಳಾಸ ಹಂಚುತ್ತದೆ. ಇವು ಮನೆಯೊಳಗೆ ಮಾತ್ರ ನಡೆಯುವ ವಿಳಾಸಗಳು, ಹೊರಗಿನ ಇಂಟರ್ನೆಟ್ಟಿನಲ್ಲಿ ಇವಕ್ಕೆ ಬೆಲೆಯಿಲ್ಲ. ಆದ್ದರಿಂದ ಲೈನು ಕಡಿದರೂ ಹಂಚಿಕೆ ನಿಲ್ಲುವುದಿಲ್ಲ. ವಿಡಿಯೊ ಇಟ್ಟುಕೊಂಡಿರುವ ಯಂತ್ರ ಯಾವುದೆಂದು ತಿಳಿಯಲು ಟಿವಿ 239.255.255.250 ಎಂಬ ಗುಂಪು ವಿಳಾಸಕ್ಕೆ ಒಂದು ಪ್ರಶ್ನೆ ಕಳಿಸುತ್ತದೆ, ವಿಡಿಯೊ ಕೊಡಬಲ್ಲ ಯಂತ್ರಗಳು ತಮ್ಮ ಹೆಸರು ಹೇಳುತ್ತವೆ, ಆ ಹೆಸರುಗಳು ಟಿವಿಯ ಮೆನುವಿನಲ್ಲಿ ಕಾಣುತ್ತವೆ. ಡಿಎಲ್‌ಎನ್‌ಎ ಎಂಬ ಹೆಸರಿನಲ್ಲಿ ಪ್ರಸಿದ್ಧವಾದ ಈ ಪದ್ಧತಿಯನ್ನು ಸೋನಿ ಮೊದಲಾದ ಕಂಪನಿಗಳು ಸೇರಿ 2003ರಲ್ಲಿ ಕಟ್ಟಿದ ಒಕ್ಕೂಟ ರೂಪಿಸಿತು. ಒಕ್ಕೂಟ 2017ರಲ್ಲಿ ಬಾಗಿಲು ಹಾಕಿತು, ಪದ್ಧತಿ ಮಾತ್ರ ಟಿವಿಗಳಲ್ಲಿ ಉಳಿದುಕೊಂಡಿದೆ. ವಿಡಿಯೊ ಕೊಡುವ ಯಂತ್ರ ದುಬಾರಿಯದಾಗಬೇಕಿಲ್ಲ. ಮೂಲೆಗೆ ಬಿದ್ದ ಹಳೆಯ ಲ್ಯಾಪ್‌ಟಾಪಿಗೆ ಜೆಲ್ಲಿಫಿನ್‌ನಂಥ ಉಚಿತ ತಂತ್ರಾಂಶ ಹಾಕಿದರೆ ಸಾಕು. ಯುಎಸ್‌ಬಿ ಕಿಂಡಿಯಿರುವ ಕೆಲವು ರೌಟರುಗಳಿಗೆ ಹಾರ್ಡ್ ಡಿಸ್ಕ್ ಸಿಕ್ಕಿಸಿದರೆ ಅದೂ ಬೇಕಿಲ್ಲ.

ಜೋಡಣೆ ಕೆಡುವ ಜಾಗಗಳಲ್ಲಿ ಒಂದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಟಿವಿಯೇ ಸರಿಯಿಲ್ಲ ಎಂದು ಅಂಗಡಿಗೆ ಹೊತ್ತೊಯ್ಯುವ ಪ್ರಸಂಗಗಳಿಗೆ ಬಹಳ ಸಲ ಇದೇ ಮೂಲ. ಫೈಬರಿನವರು ಜಗಲಿಯ ಗೋಡೆಗೆ ಹಾಕಿಕೊಡುವ ಡಬ್ಬಿಯಲ್ಲೇ ವೈಫೈ ಇರುತ್ತದೆ. ಅದು ಒಳಮನೆಗೆ ಮುಟ್ಟುವುದಿಲ್ಲವೆಂದು ಮನೆಯವರು ಇನ್ನೊಂದು ರೌಟರು ತಂದು ಅದಕ್ಕೆ ಜೋಡಿಸುತ್ತಾರೆ. ಈಗ ಮನೆಯಲ್ಲಿ ಒಂದರೊಳಗೊಂದು ಎರಡು ಜಾಲ. ಜಗಲಿಯ ಡಬ್ಬಿ ಮೊಬೈಲಿಗೆ 192.168.1ರ ಸಾಲಿನ ವಿಳಾಸ ಕೊಟ್ಟಿರುತ್ತದೆ, ಒಳಗಿನ ರೌಟರು ಟಿವಿಗೆ 192.168.0ರ ಸಾಲಿನದು. ಎರಡರಲ್ಲೂ ಯೂಟ್ಯೂಬ್ ಸರಾಗವಾಗಿ ಓಡುತ್ತದೆ, ಆದರೆ ಮೊಬೈಲಿನಲ್ಲಿರುವ ಫೋಟೊ ಟಿವಿಗೆ ಕಾಣುವುದೇ ಇಲ್ಲ, ಟಿವಿ ಕಳಿಸಿದ ಪ್ರಶ್ನೆ ನಡುವಿನ ರೌಟರನ್ನು ದಾಟುವುದಿಲ್ಲವಾದ್ದರಿಂದ. ಎರಡನೆಯ ರೌಟರನ್ನು, ತಾನು ವಿಳಾಸ ಹಂಚದೆ ವೈಫೈ ಮಾತ್ರ ಕೊಡುವ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಬದಲಿಸಿದರೆ ಜಾಲ ಒಂದಾಗುತ್ತದೆ, ಅದು ಐದು ನಿಮಿಷದ ಕೆಲಸ. ಅತಿಥಿಗಳಿಗೆಂದು ಮಾಡಿದ ಗೆಸ್ಟ್ ವೈಫೈಗೆ ಟಿವಿಯನ್ನು ಸೇರಿಸಿದ್ದರೂ ಇದೇ ಪಾಡು.

ಇನ್ನು ಗೋಡೆಯ ಮಾತು. ಸೊರಬ, ಸಾಗರದ ಕಡೆಯ ಹಳೆಯ ಮನೆಗಳ ಮಣ್ಣಿನ ಗೋಡೆ, ಜಂಬಿಟ್ಟಿಗೆ ಗೋಡೆಗಳು ದಪ್ಪ. ವೈಫೈಯ 5 ಗಿಗಾಹರ್ಟ್ಸ್ ತರಂಗ ವೇಗವಾಗಿದ್ದರೂ ಇಂಥ ಎರಡು ಗೋಡೆ ದಾಟುವಷ್ಟರಲ್ಲಿ ಸೋತುಹೋಗುತ್ತದೆ, 2.4 ಗಿಗಾಹರ್ಟ್ಸಿನದು ದಾಟುತ್ತದೆ, ಆದರೆ ನಿಧಾನ. ಗೋಡೆ ತೇವ ಕುಡಿದಷ್ಟೂ ತರಂಗವನ್ನು ಹೆಚ್ಚು ಹೀರುವುದರಿಂದ ಬೇಸಿಗೆಯಲ್ಲಿ ಸರಿಯಿದ್ದ ಸಿಗ್ನಲ್ಲು ಶ್ರಾವಣದಲ್ಲಿ ಇಳಿದರೆ ಅಚ್ಚರಿಪಡಬೇಕಿಲ್ಲ. ಜಗಲಿಯಿಂದ ನಡುಮನೆಯ ಟಿವಿಯವರೆಗೆ ಅಟ್ಟದ ಮೇಲಿಂದ ಒಂದು ಕ್ಯಾಟ್ 6 ಕೇಬಲ್ ಎಳೆದುಬಿಡುವುದು ಹೆಚ್ಚು ಬಾಳಿಕೆಯ ಪರಿಹಾರ. ಅಟ್ಟದ ಇಲಿಗಳನ್ನು ನೆನೆದು ಕೇಬಲ್ಲನ್ನು ಪೈಪಿನೊಳಗೆ ಹಾಯಿಸುವುದು ಒಳ್ಳೆಯದು. ಇಲ್ಲೊಂದು ಸೋಜಿಗವಿದೆ: ಬಹುತೇಕ ಟಿವಿಗಳ ಕೇಬಲ್ ಕಿಂಡಿಯ ಮಿತಿ ಸೆಕೆಂಡಿಗೆ 100 ಮೆಗಾಬಿಟ್ ಮಾತ್ರ, ಕಾಗದದ ಮೇಲೆ ಅದೇ ಟಿವಿಯ ವೈಫೈ ಅದಕ್ಕಿಂತ ವೇಗದ್ದು. ಆದರೆ ಸಾಧಾರಣ ಫುಲ್ ಎಚ್‌ಡಿ ವಿಡಿಯೊಗೆ 10 ಮೆಗಾಬಿಟ್ ಸಾಕು, ಬ್ಲೂರೇ ಡಿಸ್ಕಿನ ಚಿತ್ರವೂ 40 ದಾಟುವುದಿಲ್ಲ. ಏರಿಳಿಯುವ 200ಕ್ಕಿಂತ ಕದಲದ 100 ಮೇಲು.

ಪೆನ್‌ಡ್ರೈವ್ ಇರುವಾಗ ಇಷ್ಟೆಲ್ಲ ಯಾಕೆ ಎಂಬುದು ಮೊದಲ ಆಕ್ಷೇಪ, ತಕ್ಕಮಟ್ಟಿಗೆ ನ್ಯಾಯವಾದದ್ದು ಕೂಡ. ಒಂದು ಸಿನಿಮಾ, ಒಂದು ಸಂಜೆ ಎಂದಾದರೆ ಪೆನ್‌ಡ್ರೈವೇ ಸರಿ. ಆದರೆ ಈ ಸೀಮೆಯ ಮನೆಗಳಲ್ಲಿ ನಿಜವಾಗಿ ಕೂಡಿಹೋಗಿರುವುದು ಏನು ಎಂದು ನೋಡಬೇಕು: ಮದುವೆ, ಗೃಹಪ್ರವೇಶ, ಊರ ಜಾತ್ರೆ, ಬಯಲಾಟಗಳ ರೆಕಾರ್ಡಿಂಗು. ರಾತ್ರಿ ಒಂಬತ್ತಕ್ಕೆ ಶುರುವಾಗಿ ಬೆಳಗಿನ ಐದಕ್ಕೆ ಮುಗಿಯುವ ಯಕ್ಷಗಾನವನ್ನು 10 ಮೆಗಾಬಿಟ್ಟಿನಲ್ಲಿ ಹಿಡಿದರೆ ಗಂಟೆಗೆ 4.5 ಜಿಬಿಯಂತೆ 36 ಜಿಬಿಯಾಗುತ್ತದೆ. ಎಲ್ಲ ಟಿವಿಗಳೂ ಓದುವ ಫ್ಯಾಟ್ 32 ಪೆನ್‌ಡ್ರೈವಿನಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ. ಅಂದರೆ ಪ್ರಸಂಗ ಒಂಬತ್ತು ತುಂಡಾಗುತ್ತದೆ, ಭಾಗವತರ ಪದ್ಯದ ನಡುವೆಯೇ ತುಂಡು ಮುಗಿದು ಟಿವಿ ಮೆನುವಿಗೆ ಮರಳುತ್ತದೆ. ಪ್ರತಿಯೊಂದು ಪೆನ್‌ಡ್ರೈವೂ ಒಬ್ಬರ ಬೀರುವಿನಿಂದ ಇನ್ನೊಬ್ಬರ ಕೈಗೆ ಹೋಗಿ ಮರಳದಿರುವುದು ಬೇರೆ ಮಾತು. ಒಂದೇ ಹಾರ್ಡ್ ಡಿಸ್ಕಿನಲ್ಲಿ ಎಲ್ಲವೂ ಇದ್ದು, ನಡುಮನೆಯ ಟಿವಿಗೂ ಅಜ್ಜಿಯ ಕೋಣೆಯ ಮೊಬೈಲಿಗೂ ಒಟ್ಟಿಗೆ ಸಿಗುವುದು ಜಾಲದಿಂದ ಮಾತ್ರ. ಡಿಸ್ಕ್ ಕೆಟ್ಟರೆ ಎಲ್ಲವೂ ಒಟ್ಟಿಗೆ ಹೋಗುವ ಅಪಾಯ ಉಂಟು. ಅದಕ್ಕೆ ಎರಡನೆಯ ಪ್ರತಿ ಇಟ್ಟುಕೊಳ್ಳುವುದೊಂದೇ ದಾರಿ.

ಎರಡನೆಯ ಆಕ್ಷೇಪ ಮೊಬೈಲ್ ಡೇಟಾದ ಕಡೆಯಿಂದ ಬರುತ್ತದೆ. ಜಿಯೊ 2016ರ ಸೆಪ್ಟೆಂಬರಿನಲ್ಲಿ ಬಂದ ಮೇಲೆ ಡೇಟಾ ಅಗ್ಗವಾಗಿದೆ, ಫೋನಿನ ಹಾಟ್‌ಸ್ಪಾಟಿನಿಂದಲೇ ಟಿವಿ ನಡೆಯುತ್ತದೆ ಎನ್ನುತ್ತಾರೆ. ಲೆಕ್ಕ ಹಾಕಿದರೆ ದಿನಕ್ಕೆ 1.5 ಜಿಬಿಯ ಪ್ಯಾಕು 5 ಮೆಗಾಬಿಟ್ಟಿನ ವಿಡಿಯೊಗೆ 40 ನಿಮಿಷ ಬರುತ್ತದೆ, ಎರಡೂವರೆ ಗಂಟೆಯ ಸಿನಿಮಾದ ಮಧ್ಯಂತರವೂ ಬಂದಿರುವುದಿಲ್ಲ. ಟವರಿನ ಹಿಡಿತ ಸಡಿಲವಿರುವ ತೋಟದ ಮನೆಯಲ್ಲಿ ಅಷ್ಟೂ ಖಾತ್ರಿಯಿಲ್ಲ. ಎಲ್ಲವೂ ಯೂಟ್ಯೂಬಿನಲ್ಲಿದೆ ಎಂಬ ಮಾತು ಸಿನಿಮಾ, ಹಾಡುಗಳ ಮಟ್ಟಿಗೆ ಬಹುಪಾಲು ನಿಜ. 2020ರ ಜುಲೈನಲ್ಲಿ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ಚಿತ್ರಮಂದಿರಕ್ಕೆ ಹೋಗದೆ ನೇರವಾಗಿ ಪ್ರೈಮ್ ವಿಡಿಯೊದಲ್ಲಿ ಬಿಡುಗಡೆಯಾದಾಗಿನಿಂದ ಹೊಸ ಕನ್ನಡ ಚಿತ್ರಕ್ಕೂ ಇಂಟರ್ನೆಟ್ಟು ಒಂದು ಹೆಬ್ಬಾಗಿಲೇ ಆಗಿದೆ. ಅದನ್ನು ಈ ವಾದ ಅಲ್ಲಗಳೆಯುವುದಿಲ್ಲ. ಮನೆಮದುವೆಯ ವಿಡಿಯೊ ಅಲ್ಲಿರುವುದಿಲ್ಲ, ಇರಬೇಕೆಂದೂ ಇಲ್ಲ ಎಂದಷ್ಟೇ ಹೇಳುತ್ತದೆ. ವಾಟ್ಸಾಪಿನಲ್ಲಿ ಹಂಚಿದ ಪ್ರತಿ ಕುಗ್ಗಿಸಿದ್ದು. ಆರಿಂಚಿನ ಪರದೆಯಲ್ಲಿ ಚೆಂದ ಕಂಡ ಮುಖ ನಲವತ್ತಮೂರು ಇಂಚಿನಲ್ಲಿ ಮಸುಕಾಗುತ್ತದೆ.

ಕರೆಂಟೇ ಇಲ್ಲದಿದ್ದರೆ ಯಾವ ಜಾಲವಿದ್ದೇನು ಎಂಬುದು ಮೂರನೆಯದು, ಮೆಸ್ಕಾಂ ಲೈನಿನ ಮೇಲೂ ಅದೇ ಕೊಂಬೆಗಳು ಬೀಳುವುದರಿಂದ ತೂಕದ ಪ್ರಶ್ನೆ. ಇನ್ವರ್ಟರ್ ಇರುವ ಮನೆಯಲ್ಲಿ ಎಲ್‌ಇಡಿ ಟಿವಿ, ರೌಟರು, ಲ್ಯಾಪ್‌ಟಾಪು ಸೇರಿದರೂ ದೊಡ್ಡ ಹೊರೆಯಲ್ಲ. ರೌಟರು ಸಾಮಾನ್ಯವಾಗಿ 12 ವೋಲ್ಟಿನದು, ಅದಕ್ಕೆಂದೇ ಸಣ್ಣ ಯುಪಿಎಸ್ ಸಿಗುತ್ತದೆ. ಮನೆಯ ಕರೆಂಟನ್ನು ಹೀಗೆ ಕೈಯಿಂದ ನಿಭಾಯಿಸಬಹುದು, ಎರಡು ಮೈಲಿ ಆಚೆ ಕಡಿದ ಫೈಬರನ್ನು ನಿಭಾಯಿಸಲಾಗದು. ಗುಡುಗು ಶುರುವಾದರೆ ಮಾತ್ರ ಪ್ಲಗ್ಗು ಕೀಳಲೇಬೇಕು. ಗಾಜಿನ ಎಳೆಯಲ್ಲಿ ಸಿಡಿಲು ಹರಿಯದು, ಆದರೆ ಅದನ್ನು ಹೊತ್ತ ಕೇಬಲ್ಲಿನಲ್ಲಿ ಆಧಾರಕ್ಕೆ ಉಕ್ಕಿನ ತಂತಿಯಿದ್ದರೆ ಅದರಲ್ಲಿ ಹರಿಯುತ್ತದೆ. ಕೊಟ್ಟಿಗೆಗೋ ಪಕ್ಕದ ಮನೆಗೋ ಎಳೆದ ತಾಮ್ರದ ನೆಟ್‌ವರ್ಕ್ ಕೇಬಲ್ಲಿನಲ್ಲಂತೂ ಸಂಶಯವೇ ಇಲ್ಲ.

ಒಳಜಾಲವೆಂದು ಕಾಣುವುದೆಲ್ಲ ಒಳಜಾಲವಲ್ಲ ಎಂಬುದಕ್ಕೆ ಒಂದು ಪಾಠ 2025ರ ಮಾರ್ಚಿನಲ್ಲಿ ಸಿಕ್ಕಿತು. ಫೋನಿನಿಂದ ಟಿವಿಗೆ ವಿಡಿಯೊ ಹಾಯಿಸುವ ಗೂಗಲ್ಲಿನ ಎರಡನೆಯ ತಲೆಮಾರಿನ ಕ್ರೋಮ್‌ಕಾಸ್ಟ್ ಸಾಧನಗಳು ಜಗತ್ತಿನಾದ್ಯಂತ ಒಮ್ಮೆಲೇ ನಿಂತುಹೋದವು. ಕಾರಣ, ಸಾಧನವನ್ನು ನಂಬಬಹುದೆಂದು ಸಾರುವ ಡಿಜಿಟಲ್ ಪ್ರಮಾಣಪತ್ರವೊಂದರ ಅವಧಿ ಮುಗಿದಿತ್ತು. ಫೋನು, ಟಿವಿ, ರೌಟರು ಮೂರೂ ಒಂದೇ ಕೋಣೆಯಲ್ಲಿದ್ದವು, ಮೂರೂ ಸರಿಯಾಗಿದ್ದವು. ಆದರೂ ಕಂಪನಿ ದುರಸ್ತಿ ಕಳಿಸುವವರೆಗೆ ಕಾಯಬೇಕಾಯಿತು. ಇಂಥ ಸಾಧನ ಕೊಳ್ಳುವ ಮುನ್ನ ರೌಟರಿನಿಂದ ಫೈಬರ್ ಲೈನನ್ನು ಕಳಚಿಟ್ಟು ಅದು ಕೆಲಸ ಮಾಡುತ್ತದೆಯೇ ಎಂದು ಪರಿಚಯದವರ ಮನೆಯಲ್ಲಿ ನೋಡುವುದು ಒಳ್ಳೆಯ ಪರೀಕ್ಷೆ. ಇದರ ಇನ್ನೊಂದು ಮಗ್ಗುಲು ಗೋಪ್ಯತೆಯದು. ನೋಡುಗರು ಏನು ನೋಡುತ್ತಾರೆಂದು ಅವರಿಗೆ ತಿಳಿಸದೆ ದಾಖಲಿಸಿದ್ದಕ್ಕೆ ವಿಜಿಯೊ ಎಂಬ ಟಿವಿ ಕಂಪನಿ 2017ರಲ್ಲಿ ಅಮೆರಿಕದಲ್ಲಿ 22 ಲಕ್ಷ ಡಾಲರ್ ತೆರಬೇಕಾಯಿತು. ಇಂಥದ್ದು ಬೇಡವೆನ್ನುವವರಿಗೆ ಅನೇಕ ರೌಟರುಗಳಲ್ಲಿ ಟಿವಿಯೊಂದಕ್ಕೆ ಮಾತ್ರ ಇಂಟರ್ನೆಟ್ ತಡೆದು ಮನೆಯ ಜಾಲವನ್ನು ಬಿಟ್ಟುಕೊಡುವ ಅವಕಾಶವಿದೆ.

ಕೊನೆಗೆ ಉಳಿಯುವ ತೊಡಕುಗಳು ಸಣ್ಣವು, ಆದರೆ ರೇಗಿಸುವಂಥವು. 2018ರಿಂದೀಚೆಗೆ ಸ್ಯಾಮ್‌ಸಂಗ್ ತನ್ನ ಟಿವಿಗಳಲ್ಲಿ ಡಿಟಿಎಸ್ ಧ್ವನಿಯನ್ನು ಕೈಬಿಟ್ಟಿತು. ಆ ಬಗೆಯ ಧ್ವನಿಯಿರುವ ಫೈಲು ಅವುಗಳಲ್ಲಿ ಮೂಕಿಯಾಗುತ್ತದೆ. ವಿಡಿಯೊ ಕೊಡುವ ಯಂತ್ರವೇ ಧ್ವನಿಯನ್ನು ಬದಲಿಸಿ ಕಳಿಸುವಂತೆ ಮಾಡಿದರೆ ಸರಿಹೋಗುತ್ತದೆ, ಚಿತ್ರವನ್ನು ಮುಟ್ಟಬೇಕಿಲ್ಲವಾದ್ದರಿಂದ ಹಳೆಯ ಲ್ಯಾಪ್‌ಟಾಪಿಗೂ ಇದು ಭಾರವಲ್ಲ. ಕನ್ನಡ ಅಕ್ಷರದಲ್ಲಿ ಹೆಸರಿಟ್ಟ ಫೈಲುಗಳನ್ನು ಕೆಲವು ಹಳೆಯ ಟಿವಿಗಳು ಖಾಲಿ ಚೌಕಗಳ ಸಾಲಾಗಿ ತೋರಿಸುತ್ತವೆ. ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಬರೆದು ಮೊದಲಿಗೆ ಇಸವಿ, ತಿಂಗಳು ಹಾಕಿದರೆ ಟಿವಿ ತಾನಾಗಿಯೇ ಅವನ್ನು ಕಾಲಕ್ರಮದಲ್ಲಿ ಜೋಡಿಸಿಕೊಳ್ಳುತ್ತದೆ.