ಓವನ್ ಇಲ್ಲದೆ ಮನೆಯಲ್ಲಿಯೇ ಪಿಜ್ಜಾ: ರಾಗಿ, ಟೊಮೆಟೊ ಹಾಗೂ ಅವರೆಯ ಬಳಕೆ ಕುರಿತು ಮಾಹಿತಿ

ಪೀಠಿಕೆ

ಪಿಜ್ಜಾ ಇಟಲಿ ದೇಶದ ನೇಪಲ್ಸ್ ನಗರದ ತಿನಿಸು. ಅಲ್ಲಿನ ಪಿಜ್ಜಾ ತಯಾರಕರ ಕಲೆಯನ್ನು ಯುನೆಸ್ಕೊ ಸಂಸ್ಥೆಯು 2017ರಲ್ಲಿ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿರುತ್ತದೆ. ಮೂಲತಃ ಅದು ಬಡವರ ಆಹಾರ: ಊರಿನಲ್ಲಿ ದೊರೆಯುವ ಹಿಟ್ಟಿನ ರೊಟ್ಟಿ, ಅದರ ಮೇಲೆ ಊರಿನಲ್ಲಿ ಬೆಳೆಯುವ ತರಕಾರಿ. ಈ ದೃಷ್ಟಿಯಿಂದ ನೋಡಿದಲ್ಲಿ ಕೋಲಾರ ಚಿನ್ನದ ಗಣಿ (ಕೆಜಿಎಫ್) ಹಾಗೂ ಬಂಗಾರಪೇಟೆ ಪ್ರದೇಶದ ಮನೆಗಳಲ್ಲಿ ಪಿಜ್ಜಾಗೆ ಬೇಕಾದ ಬಹುಪಾಲು ಸಾಮಗ್ರಿ ಈಗಾಗಲೇ ಇರುತ್ತದೆ. ರಾಗಿ ಹಿಟ್ಟು ಡಬ್ಬದಲ್ಲಿರುತ್ತದೆ, ಟೊಮೆಟೊ ಜಿಲ್ಲೆಯದೇ ಬೆಳೆ, ಚಳಿಗಾಲದಲ್ಲಿ ಅವರೆಕಾಯಿ ಸಂತೆಯ ತುಂಬ ಇರುತ್ತದೆ. ಕೊಂಡು ತರಬೇಕಾದುದು ಚೀಸ್ ಒಂದೇ. ಅದೂ ಇಲ್ಲದೆ ನಡೆಯುತ್ತದೆ.

ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದ ತರುವಾಯ ಕೆಜಿಎಫ್‌ನ ಸಾವಿರಾರು ಕುಟುಂಬಗಳು ದುಡಿಮೆಗಾಗಿ ಬೆಂಗಳೂರನ್ನು ಅವಲಂಬಿಸಿವೆ. ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್, ಊರ್ಗಾಂ, ಕೋರಮಂಡಲ್ ನಿಲ್ದಾಣಗಳಿಂದ ನಸುಕಿನಲ್ಲಿ ರೈಲು ಹತ್ತಿ, ಬಂಗಾರಪೇಟೆ ಮಾರ್ಗವಾಗಿ ಬೆಂಗಳೂರು ತಲುಪಿ, ರಾತ್ರಿ ಹಿಂದಿರುಗುವವರು ಅನೇಕರು. ಇಂತಹ ಮನೆಗಳಲ್ಲಿ ರಾತ್ರಿಯ ಅಡುಗೆಗೆ ದೊರೆಯುವ ಸಮಯ ಅರ್ಧ ಗಂಟೆ ಮಾತ್ರ. ಮಕ್ಕಳು ಪಿಜ್ಜಾ ಕೇಳುವುದು, ಅಂಗಡಿಯ ಮೈದಾ ಬಿಲ್ಲೆಯ ಮೇಲೆ ಸಾಸ್ ಸುರಿದು ಕೊಡುವುದು ಈಗ ಸಾಮಾನ್ಯವಾಗಿದೆ. ಅದೇ ಅರ್ಧ ಗಂಟೆಯಲ್ಲಿ, ಗ್ಯಾಸ್ ಒಲೆ, ಕಾವಲಿ ಮತ್ತು ಒಂದು ಮುಚ್ಚಳದಿಂದ ಉತ್ತಮವಾದುದನ್ನು ಸಿದ್ಧಪಡಿಸುವ ವಿಧಾನಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ನೀಡಲಾಗಿದೆ.

ರಾಗಿಯ ತಳ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನಾ ಕೋಷ್ಟಕಗಳ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಸುಣ್ಣಾಂಶವಿರುತ್ತದೆ. ಅಷ್ಟೇ ತೂಕದ ಮೈದಾದಲ್ಲಿ ಇರುವುದು ಸುಮಾರು 20 ಮಿಲಿಗ್ರಾಂ. ಬೆಳೆಯುವ ಮಕ್ಕಳಿರುವ ಮನೆಗೆ ಈ ಒಂದು ವ್ಯತ್ಯಾಸವೇ ಸಾಕಷ್ಟು ದೊಡ್ಡದು.

ಆದರೆ ರಾಗಿಯಲ್ಲಿ ಗ್ಲುಟೆನ್ ಎಂಬ ಅಂಟು ಪದಾರ್ಥ ಇರುವುದಿಲ್ಲ. ಗೋಧಿ ಹಿಟ್ಟು ಎಳೆದರೆ ಹಿಗ್ಗುವುದು, ಯೀಸ್ಟ್ ಹಾಕಿದರೆ ಉಬ್ಬುವುದು ಈ ಅಂಟಿನಿಂದಲೇ. ಆದ್ದರಿಂದ ಮೈದಾ ಪಿಜ್ಜಾದ ಪಾಕಕ್ರಮದಲ್ಲಿ ಮೈದಾ ಬದಲು ರಾಗಿ ಎಂದು ಬರೆದುಕೊಂಡು ಮಾಡಿದಲ್ಲಿ ಫಲಿತಾಂಶ ನಿರಾಶಾದಾಯಕವಾಗಿರುತ್ತದೆ. ತಳವು ಬಿರಿದು ಪುಡಿಯಾಗುತ್ತದೆ. ಇದಕ್ಕೆ ಪರಿಹಾರ ಹಳೆಯ ಅಡುಗೆಮನೆಯಲ್ಲಿಯೇ ಇದೆ. ಹಿಟ್ಟನ್ನು ಕುದಿಯುವ ನೀರಿನಲ್ಲಿ ಉಕ್ಕರಿಸಿದಾಗ ಅದರ ಪಿಷ್ಟವು ಬೆಂದು ಅಂಟಾಗುತ್ತದೆ, ಗ್ಲುಟೆನ್ ಮಾಡಬೇಕಾದ ಕೆಲಸವನ್ನು ಬಹುಮಟ್ಟಿಗೆ ಅದೇ ಮಾಡುತ್ತದೆ.

ಒಂದು ಲೋಟ ನೀರಿಗೆ ಅರ್ಧ ಚಮಚ ಉಪ್ಪು, ಒಂದು ಚಮಚ ಎಣ್ಣೆ ಹಾಕಿ ಕುದಿಸಬೇಕು. ಒಂದು ಲೋಟ ರಾಗಿ ಹಿಟ್ಟನ್ನು ಸುರಿದು, ಉರಿ ತಗ್ಗಿಸಿ, ಎರಡು ನಿಮಿಷ ಮುಚ್ಚಿಟ್ಟು, ನಂತರ ಕೋಲಿನಿಂದ ತಿರುವಿ ಇಳಿಸಬೇಕು. ಕೈ ತಾಳುವಷ್ಟು ಆರಿದ ಮೇಲೆ ಬೇಯಿಸಿದ ಒಂದು ಸಣ್ಣ ಆಲೂಗಡ್ಡೆಯನ್ನು ಗಂಟಿಲ್ಲದಂತೆ ಹಿಸುಕಿ ಸೇರಿಸಿ ಚೆನ್ನಾಗಿ ನಾದತಕ್ಕದ್ದು. ಎರಡು ಉಂಡೆ ಮಾಡಿ, ಎಣ್ಣೆ ಸವರಿದ ಬಾಳೆ ಎಲೆ ಅಥವಾ ಹಾಳೆಯ ಮೇಲೆ ಅಂಗೈ ಅಗಲಕ್ಕಿಂತ ತುಸು ದೊಡ್ಡದಾಗಿ, ಕಾಲು ಅಂಗುಲ ದಪ್ಪಕ್ಕೆ ತಟ್ಟಬೇಕು. ಅಂಚು ಬಿರಿದರೆ ಒದ್ದೆ ಬೆರಳಿನಿಂದ ಒತ್ತಿದರೆ ಕೂಡಿಕೊಳ್ಳುತ್ತದೆ. ಕಾವಲಿಯ ಮೇಲೆ ಎರಡೂ ಬದಿ ಪೂರ್ತಿ ಬೇಯಿಸಬೇಕು. ಇದು ಮುಖ್ಯ. ಮೇಲೋಗರ ಹಾಕಿದ ನಂತರ ತಳ ಬೇಯುತ್ತದೆ ಎಂಬ ಭರವಸೆಯಿಂದ ಅರೆಬೆಂದ ರೊಟ್ಟಿಯನ್ನು ಬಳಸಿದವರ ಪಿಜ್ಜಾ ಒಳಗೆ ಹಸಿಹಿಟ್ಟಾಗಿಯೇ ಉಳಿಯುತ್ತದೆ. ಓವನ್‌ನಲ್ಲಿ ಕಾವು ಎಲ್ಲ ಕಡೆಯಿಂದ ಬರುತ್ತದೆ, ಕಾವಲಿಯಲ್ಲಿ ಕೆಳಗಿನಿಂದ ಮಾತ್ರ.

ಮಧ್ಯಾಹ್ನದ ಮುದ್ದೆ ಉಳಿದಿದ್ದಲ್ಲಿ ಅದನ್ನೂ ಬಳಸಬಹುದು. ಎರಡು ಮೂರು ಚಮಚ ಒಣ ಹಿಟ್ಟು, ಸಣ್ಣಗೆ ಹೆಚ್ಚಿದ ಈರುಳ್ಳಿ ಸೇರಿಸಿ ನಾದಿ ಇದೇ ರೀತಿ ತಟ್ಟಬೇಕು. ಮುದ್ದೆ ಈಗಾಗಲೇ ಬೆಂದಿರುವುದರಿಂದ ಉಕ್ಕರಿಸುವ ಕೆಲಸ ಉಳಿಯುತ್ತದೆ.

ಗೋಧಿಯ ಅಂಟು ಒಗ್ಗದ ರೋಗಿಗಳಿಗೆ ರಾಗಿಯ ತಳ ಸೂಕ್ತವಾದರೂ, ಗೋಧಿ ಅರೆದ ಗಿರಣಿಯಲ್ಲಿಯೇ ಅರೆಸಿದ ರಾಗಿ ಹಿಟ್ಟು ಅವರಿಗೆ ಯೋಗ್ಯವಲ್ಲ. ಅಂತಹವರು ರಾಗಿಯನ್ನು ಪ್ರತ್ಯೇಕವಾಗಿ ಅರೆಸಿಕೊಳ್ಳತಕ್ಕದ್ದು.

ಇತರೆ ತಳಗಳು

ರಾಗಿ ರೊಟ್ಟಿಗಿಂತಲೂ ಸುಲಭವಾದುದು ದೋಸೆ. ಮೂರು ಪಾಲು ರಾಗಿ ಹಿಟ್ಟಿಗೆ ಒಂದು ಪಾಲು ಉದ್ದಿನಬೇಳೆ ನೆನೆಸಿ ರುಬ್ಬಿ ಸೇರಿಸಿ ರಾತ್ರಿಯಿಡೀ ಹುದುಗಲು ಬಿಟ್ಟ ಹಿಟ್ಟನ್ನು ಸೆಟ್ ದೋಸೆಯಂತೆ ದಪ್ಪಗೆ ಹುಯ್ದು, ಮುಚ್ಚಿ ಬೇಯಿಸಬೇಕು. ಹುದುಗಿನ ಗಾಳಿಯಿಂದ ತಳವು ಮೆತ್ತಗೆ, ಬ್ರೆಡ್ಡಿನಂತೆ ಇರುತ್ತದೆ. ಹುಳಿಯ ಸ್ವಾದವು ಯೀಸ್ಟ್ ಹಿಟ್ಟಿಗೆ ಸಮೀಪವಾಗುತ್ತದೆ. ರಾಗಿಯಲ್ಲಿ ಕಬ್ಬಿಣಾಂಶವನ್ನು ದೇಹ ಹೀರದಂತೆ ತಡೆಯುವ ಫೈಟೇಟ್ ಅಂಶವೂ ಹುದುಗುವಿಕೆಯಿಂದ ಕಡಿಮೆಯಾಗುತ್ತದೆ. ಮರುದಿನ ರೈಲಿನಲ್ಲಿ ಬುತ್ತಿಗೆ ಒಯ್ಯುವವರಿಗೆ ಈ ತಳವೇ ಲೇಸು, ಏಕೆಂದರೆ ರಾಗಿ ರೊಟ್ಟಿ ಆರಿದ ಮೇಲೆ ಗಟ್ಟಿಯಾಗುತ್ತದೆ.

ಉಳಿದ ಚಪಾತಿ ತೆಳುವಾದುದರಿಂದ ಎರಡನ್ನು ಒಂದರ ಮೇಲೊಂದಿಟ್ಟು ನಡುವೆ ಸ್ವಲ್ಪ ಚೀಸ್ ತುರಿದು ಅಂಟಿಸಿ ಬಳಸಬೇಕು. ಬ್ರೆಡ್ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಮೊದಲು ಎರಡೂ ಬದಿ ಒಣಗುವಂತೆ ಕಾಯಿಸಿದಲ್ಲಿ ಸಾಸ್ ಹೀರಿ ಮುದ್ದೆಯಾಗುವುದಿಲ್ಲ. ಹೂಕೋಸಿನ ತುರಿಯಿಂದ ತಳ ಮಾಡುವ ವಿಧಾನ ಪ್ರಚಾರದಲ್ಲಿದೆ. ಆದರೆ ಅದಕ್ಕೆ ಮೊಟ್ಟೆ, ಓವನ್, ತಾಳ್ಮೆ ಮೂರೂ ಬೇಕು. ಕಾವಲಿಯ ಮೇಲೆ ಅದನ್ನು ಪ್ರಯತ್ನಿಸದಿರುವುದು ಒಳ್ಳೆಯದು.

ಬಂಗಾರಪೇಟೆಯ ಹೆಸರು ಚಾಟ್ ತಿನಿಸಿನೊಂದಿಗೆ ಬೆರೆತಿದೆ. ಬಣ್ಣವಿಲ್ಲದ, ನೋಡಲು ಬರಿಯ ನೀರಿನಂತೆಯೇ ಇದ್ದು ನಾಲಿಗೆಗೆ ತಾಕಿದೊಡನೆ ಖಾರವೇರುವ ಇಲ್ಲಿನ ಪಾನಿಪೂರಿ ರಾಜ್ಯದಾದ್ಯಂತ ಪರಿಚಿತ. ನಿಪ್ಪಟ್ಟಿನ ಮೇಲೆ ಈರುಳ್ಳಿ, ಕ್ಯಾರೆಟ್ ತುರಿ ಹಾಕಿ ಕೊಡುವ ಚಾಟ್ ಕೂಡ ಈ ಕಡೆಯ ಜನರಿಗೆ ಹೊಸತಲ್ಲ. ಅದೇ ನಿಪ್ಪಟ್ಟು ಮಕ್ಕಳ ಸಂಜೆಯ ಸಣ್ಣ ಪಿಜ್ಜಾಗೆ ತಳವಾಗಬಲ್ಲದು. ಗಟ್ಟಿ ಸಾಸ್ ಅರ್ಧ ಚಮಚ, ಮೇಲೆ ಚೀಸ್ ತುರಿ, ಮುಚ್ಚಿದ ಕಾವಲಿಯಲ್ಲಿ ಎರಡು ನಿಮಿಷ. ನಿಪ್ಪಟ್ಟು ಕರಿದ ತಿನಿಸಾದುದರಿಂದ ಇದನ್ನು ದಿನನಿತ್ಯದ ಆಹಾರವಾಗಿಸಬಾರದು.

ಟೊಮೆಟೊ ಸಾಸ್

ಕೋಲಾರದ ಟೊಮೆಟೊ ಮಾರುಕಟ್ಟೆ ಏಷ್ಯಾ ಖಂಡದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. 2023ರ ಜುಲೈ ತಿಂಗಳಿನಲ್ಲಿ ಇಲ್ಲಿ 15 ಕೆ.ಜಿ.ಯ ಒಂದು ಪೆಟ್ಟಿಗೆಯ ಬೆಲೆ 2,000 ರೂಪಾಯಿ ಮೀರಿತ್ತು. ಅದೇ ವರ್ಷದ ಸೆಪ್ಟೆಂಬರ್ ವೇಳೆಗೆ ಕುಸಿದುಬಿದ್ದಿತ್ತು. ಬೆಲೆ ಬಿದ್ದಾಗ ಬಿಡಿಸುವ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆ ಬದಿಗೆ ಸುರಿಯುವ ದೃಶ್ಯ ಜಿಲ್ಲೆಯವರಿಗೆ ಹೊಸದಲ್ಲ. ಕೊಳ್ಳುವವರ ಮಟ್ಟಿಗಾದರೂ ಇದಕ್ಕೆ ಒಂದು ಉತ್ತರವಿದೆ: ಅಗ್ಗವಿದ್ದಾಗ ಐದು ಕೆ.ಜಿ. ತಂದು ಸಾಸ್ ಮಾಡಿಟ್ಟುಕೊಳ್ಳುವುದು. ದುಬಾರಿಯಾದಾಗ ಅದೇ ಕೈಗೆ ಬರುತ್ತದೆ.

ಟೊಮೆಟೊ ಹಣ್ಣಿನ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರು. ಮನೆಯ ಪಿಜ್ಜಾ ಕೆಡುವುದು ಬಹುತೇಕ ಈ ನೀರಿನಿಂದಲೇ. ಹಸಿ ಹಣ್ಣಿನ ಹೋಳುಗಳನ್ನು ಅಥವಾ ತೆಳು ಗೊಜ್ಜನ್ನು ರೊಟ್ಟಿಯ ಮೇಲೆ ಹಾಕಿದಲ್ಲಿ ತಳ ನೆನೆದುಹೋಗುತ್ತದೆ. ಮಾರುಕಟ್ಟೆಗೆ ಬರುವ ಹೈಬ್ರಿಡ್ ಹಣ್ಣು ದೂರ ಸಾಗಿಸಲು ಅನುಕೂಲವಾಗುವಂತೆ ದಪ್ಪ ಸಿಪ್ಪೆ, ಗಟ್ಟಿ ತಿರುಳು ಹೊಂದಿರುತ್ತದೆ; ಸಾಸ್‌ಗೆ ಇದು ಒಳ್ಳೆಯದೇ. ನಾಟಿ ಹಣ್ಣಿನಲ್ಲಿ ರಸ ಮತ್ತು ಹುಳಿ ಹೆಚ್ಚು. ಮೂರು ಪಾಲು ಹೈಬ್ರಿಡ್‌ಗೆ ಒಂದು ಪಾಲು ನಾಟಿ ಬೆರೆಸಿದಲ್ಲಿ ರುಚಿ ಸರಿದೂಗುತ್ತದೆ.

ಹಣ್ಣನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಹಾಕಿ ತೆಗೆದು ಸಿಪ್ಪೆ ಸುಲಿಯಬೇಕು. ಒಂದು ಕೆ.ಜಿ. ಹಣ್ಣಿಗೆ ಎರಡು ಚಮಚ ಎಣ್ಣೆ, ಜಜ್ಜಿದ ಎಂಟು ಹತ್ತು ಎಸಳು ಬೆಳ್ಳುಳ್ಳಿ, ಎರಡು ಬ್ಯಾಡಗಿ ಮೆಣಸಿನಕಾಯಿ, ಉಪ್ಪು, ಕಡಲೆ ಗಾತ್ರದ ಬೆಲ್ಲ ಸಾಕು. ಅಗಲ ಬಾಯಿಯ ಪಾತ್ರೆಯಲ್ಲಿ, ಮುಚ್ಚದೆ, ಮೂರನೆಯ ಒಂದು ಪಾಲಿಗೆ ಇಳಿಯುವವರೆಗೆ ಕುದಿಸಬೇಕು. ಸೌಟಿನಿಂದ ಗೆರೆ ಎಳೆದರೆ ಆ ಗೆರೆ ಕೂಡಿಕೊಳ್ಳದೆ ನಿಲ್ಲುವುದು ಹದ. ಎಣ್ಣೆಯೊಂದಿಗೆ ಬೇಯಿಸಿದಾಗ ಟೊಮೆಟೊದ ಕೆಂಪು ವರ್ಣದ್ರವ್ಯವಾದ ಲೈಕೊಪೀನ್ ಅನ್ನು ದೇಹವು ಹೆಚ್ಚು ಸುಲಭವಾಗಿ ಹೀರಿಕೊಳ್ಳುತ್ತದೆ. ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ, ಮಂಜುಗಡ್ಡೆಯ ಭಾಗದಲ್ಲಿ ಒಂದು ತಿಂಗಳು ಇಡಬಹುದು. ಫ್ರಿಜ್ ಇಲ್ಲದವರು ಬೇಸಿಗೆಯಲ್ಲಿ ಹಣ್ಣನ್ನು ಬಿಲ್ಲೆಗಳಾಗಿ ಕೊಯ್ದು, ಉಪ್ಪು ಸವರಿ, ತೆಳು ಬಟ್ಟೆ ಹೊದಿಸಿ, ಬಿಸಿಲಿನಲ್ಲಿ ಗರಿಗರಿಯಾಗುವಂತೆ ಒಣಗಿಸಿಡಬಹುದು. ಬೇಕಾದಾಗ ಬಿಸಿನೀರಿನಲ್ಲಿ ನೆನೆಸಿ ಅರೆದರಾಯಿತು. ಬೂಸಲು ಕಂಡಲ್ಲಿ ಆ ಭಾಗ ಮಾತ್ರವಲ್ಲದೆ ಪೂರ್ತಿ ಬಿಸಾಡತಕ್ಕದ್ದು.

ಮೇಲೋಗರಗಳು

ಈ ಪ್ರದೇಶಕ್ಕೆ ವಿಶಿಷ್ಟವಾದ ಮೇಲೋಗರ ಹಿತಕಿದ ಅವರೆಬೇಳೆ. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಸೊಗಡಿನ ಅವರೆ ಬಂದಾಗ ಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಹಿತುಕಿ, ಉಪ್ಪು ಹಾಕಿ ಕರಗದಂತೆ ಬೇಯಿಸಬೇಕು. ನೀರು ಬಸಿದು, ಸಬ್ಬಸಿಗೆ ಸೊಪ್ಪು ಮತ್ತು ಹಸಿಮೆಣಸಿನಕಾಯಿಯೊಂದಿಗೆ ಒಂದು ಸುತ್ತು ಹುರಿದು ಸಾಸ್ ಮೇಲೆ ಹರಡಬೇಕು. ಇದಕ್ಕೆ ಚೀಸ್ ಬೇಕೆನಿಸುವುದೇ ಇಲ್ಲ. ರಾಗಿಯಂತಹ ಧಾನ್ಯದೊಂದಿಗೆ ಕಾಳು ಸೇರಿದಾಗ ಪ್ರೋಟೀನ್ ಗುಣಮಟ್ಟ ಉತ್ತಮಗೊಳ್ಳುತ್ತದೆ. ಮುದ್ದೆ ಮತ್ತು ಅವರೆಕಾಳಿನ ಸಾರಿನಲ್ಲಿ ಇರುವುದೂ ಇದೇ ಜೋಡಿ.

ಉಳಿದ ಕಾಲದಲ್ಲಿ ದಪ್ಪ ಮೆಣಸಿನಕಾಯಿ, ಈರುಳ್ಳಿ, ಮುಸುಕಿನ ಜೋಳ, ಹುರಿದ ನುಗ್ಗೆಸೊಪ್ಪು ಬಳಸಬಹುದು. ಅಣಬೆಯನ್ನು ಮೊದಲೇ ಹುರಿದು ನೀರು ಇಂಗಿಸಬೇಕು. ಮಾಂಸಾಹಾರಿಗಳು ಕೈಮಾ ಅಥವಾ ಕೋಳಿ ಮಾಂಸವನ್ನು ಪೂರ್ಣವಾಗಿ ಬೇಯಿಸಿ ಒಣಗಿಸಿದ ನಂತರವೇ ಹಾಕತಕ್ಕದ್ದು. ಮುಚ್ಚಿದ ಕಾವಲಿಯ ಮೇಲ್ಭಾಗದ ಕಾವು ಚೀಸ್ ಕರಗಿಸಲು ಸಾಕಾದರೂ ಹಸಿ ಮಾಂಸ ಬೇಯಿಸಲು ಸಾಲದು.

ಪನೀರ್ ಕರಗುವುದಿಲ್ಲವೇಕೆ ಎಂದು ಅನೇಕರು ಕೇಳುತ್ತಾರೆ. ಬಿಸಿ ಹಾಲನ್ನು ಹುಳಿ ಹಾಕಿ ಒಡೆದು ಮಾಡುವ ಪನೀರ್ ಕಾಯಿಸಿದರೂ ಹರಿಯುವುದಿಲ್ಲ. ಮೊಝರೆಲ್ಲಾ ಚೀಸ್ ಮೆತ್ತಗಾಗಿ ಎಳೆಯೆಳೆಯಾಗಿ ಹರಡುತ್ತದೆ. ಎರಡು ಪಾಲು ಪುಡಿ ಮಾಡಿದ ಪನೀರ್‌ಗೆ ಒಂದು ಪಾಲು ಚೀಸ್ ತುರಿ ಬೆರೆಸಿದಲ್ಲಿ ಖರ್ಚೂ ಉಪ್ಪೂ ಕಡಿಮೆಯಾಗುತ್ತವೆ. ಒಂದು ಪಿಜ್ಜಾಗೆ 30 ಗ್ರಾಂ ಚೀಸ್ ಧಾರಾಳವಾಯಿತು. ಕೊಳ್ಳುವಾಗ ಚೀಟಿಯನ್ನು ಓದಬೇಕು: ಸಸ್ಯಜನ್ಯ ಕೊಬ್ಬಿನಿಂದ ಮಾಡಿದ ಪದಾರ್ಥ ನೋಡಲು ಚೀಸ್‌ನಂತೆಯೇ ಇದ್ದರೂ ಹಾಲಿನದಲ್ಲ.

ಜೋಡಿಸುವ ಕ್ರಮ

ಬೆಂದ ತಳವನ್ನು ಸಣ್ಣ ಉರಿಯ ಮೇಲಿನ ದಪ್ಪ ಕಾವಲಿಯಲ್ಲಿಟ್ಟು, ಅಂಚು ಬಿಟ್ಟು ಎರಡು ಚಮಚ ಸಾಸ್ ಸವರಿ, ಮೇಲೋಗರ, ಚೀಸ್ ಹಾಕಿ ಐದಾರು ನಿಮಿಷ ಮುಚ್ಚಬೇಕು. ನಡುವೆ ಒಮ್ಮೆ ಮುಚ್ಚಳ ತೆಗೆದು ಒಳಬದಿಯ ಬೆವರನ್ನು ಬಟ್ಟೆಯಿಂದ ಒರೆಸುವುದು ಅಗತ್ಯ. ಇಲ್ಲವಾದಲ್ಲಿ ಆ ನೀರು ಪಿಜ್ಜಾ ಮೇಲೆಯೇ ತೊಟ್ಟಿಕ್ಕುತ್ತದೆ. ಕಾವಲಿ ತೆಳುವಾಗಿದ್ದಲ್ಲಿ ಅದರ ಕೆಳಗೆ ಇನ್ನೊಂದು ಕಾವಲಿ ಇಟ್ಟರೆ ತಳ ಸೀಯುವುದಿಲ್ಲ. ಊಟದೊಂದಿಗೆ ಚಹಾ, ಕಾಫಿ ಕೊಡಬಾರದು, ಅವು ಕಬ್ಬಿಣಾಂಶವನ್ನು ತಡೆಯುತ್ತವೆ. ಒಂದು ಹೋಳು ನಿಂಬೆ ಹಿಂಡಿದಲ್ಲಿ ಅದರ ಸಿ ಜೀವಸತ್ವ ಕಬ್ಬಿಣ ಹೀರಲು ನೆರವಾಗುತ್ತದೆ.

ಮಾರಾಟ ಮಾಡಲಿಚ್ಛಿಸುವವರ ಗಮನಕ್ಕೆ

ಮನೆಯವರಿಗಾಗಿ ತಯಾರಿಸಲು ಯಾವುದೇ ಅನುಮತಿ ಬೇಕಾಗಿರುವುದಿಲ್ಲ. ಸ್ವಸಹಾಯ ಗುಂಪಿನ ಸದಸ್ಯರಾಗಲಿ, ಗೃಹಿಣಿಯರಾಗಲಿ ರಾಗಿ ಪಿಜ್ಜಾ ಅಥವಾ ಟೊಮೆಟೊ ಸಾಸ್ ಅನ್ನು ಮಾರಾಟ ಮಾಡಲಿಚ್ಛಿಸಿದಲ್ಲಿ, ಅದು ಮನೆಯಿಂದಲೇ ಆಗಲಿ, ಸಂತೆಯಲ್ಲೇ ಆಗಲಿ, ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರಡಿ ನೋಂದಣಿ ಪಡೆಯತಕ್ಕದ್ದು. ಸಣ್ಣ ಪ್ರಮಾಣದ ತಯಾರಕರು ಆಹಾರ ಸುರಕ್ಷತಾ ಪ್ರಾಧಿಕಾರದ ಫಾಸ್ಕಾಸ್ ಪೋರ್ಟಲ್‌ನಲ್ಲಿ ಭಾವಚಿತ್ರ, ಗುರುತಿನ ಚೀಟಿಗಳೊಂದಿಗೆ ಅರ್ಜಿ ಸಲ್ಲಿಸಬಹುದು. ವಹಿವಾಟಿನ ಮಿತಿ ಹಾಗೂ ಶುಲ್ಕ ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಡುವುದರಿಂದ ಅರ್ಜಿ ಸಲ್ಲಿಸುವ ದಿನ ಪೋರ್ಟಲ್‌ನಲ್ಲಿ ನಮೂದಾಗಿರುವುದನ್ನೇ ಅನುಸರಿಸಬೇಕು. ನೋಂದಣಿಯಾದ ನಂತರ ದೊರೆಯುವ 14 ಅಂಕಿಗಳ ಸಂಖ್ಯೆಯನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು. ಪೊಟ್ಟಣದಲ್ಲಿ ತಯಾರಿಸಿದ ದಿನಾಂಕ, ಎಷ್ಟು ದಿನದೊಳಗೆ ಬಳಸಬೇಕು, ಗೋಧಿ, ಹಾಲು ಅಥವಾ ಕಡಲೆಕಾಯಿ ಸೇರಿದೆಯೇ ಎಂಬುದನ್ನೂ ನಮೂದಿಸತಕ್ಕದ್ದು.