ವಂಶಾವಳಿಯೂ ದೀಕ್ಷಾಸ್ನಾನದ ಪುಸ್ತಕವೂ

ಪ್ರತಿ ವರ್ಷ ಡಿಸೆಂಬರ್ 17ರ ಬಲಿಪೂಜೆಯಲ್ಲಿ ಸಂತ ಮತ್ತಾಯನ ಶುಭಸಂದೇಶದ ಮೊದಲ 17 ವಚನಗಳನ್ನು ವಾಚಿಸಲಾಗುತ್ತದೆ. ಅಬ್ರಹಾಮನಿಂದ ಯೇಸುಸ್ವಾಮಿಯವರೆಗೆ ಹೆಸರುಗಳ ಮೇಲೆ ಹೆಸರುಗಳು! ಇದರಿಂದ ಆತ್ಮಕ್ಕೆ ದೊರೆಯುವ ಪೋಷಣೆ ಯಾವುದು ಎಂದು ಕೇಳುವ ಭಕ್ತಾದಿಗಳುಂಟು. ಶತಮಾನೋತ್ಸವದ ಸಂದರ್ಭದಲ್ಲಿ ಪೂರ್ವಿಕರ ಸ್ಮರಣೆ ಸಹಜವಾದುದರಿಂದ ಈ ಪ್ರಶ್ನೆಯನ್ನು ವಿಚಾರಿಸುವುದು ಉಚಿತವಾಗಿದೆ.

ಯೆಹೂದ್ಯರಿಗೆ ವಂಶಾವಳಿಯು ಕೇವಲ ಅಭಿಮಾನದ ವಸ್ತುವಾಗಿರಲಿಲ್ಲ. ಯಾಜಕತ್ವದ ಅಧಿಕಾರವೇ ಅದನ್ನು ಅವಲಂಬಿಸಿತ್ತು. ಬಾಬಿಲೋನಿನ ಸೆರೆಯಿಂದ ಹಿಂದಿರುಗಿದ ಕೆಲವು ಯಾಜಕ ಮನೆತನಗಳು ತಮ್ಮ ವಂಶದ ದಾಖಲೆಯನ್ನು ಹುಡುಕಿ ಕಾಣದೆ, ದೇವಾಲಯದ ಸೇವೆಯಿಂದ ಹೊರಗುಳಿಯಬೇಕಾಯಿತೆಂದು ಎಜ್ರನ ಗ್ರಂಥದ ಎರಡನೆಯ ಅಧ್ಯಾಯವು ತಿಳಿಸುತ್ತದೆ.

ಇಂತಹ ದುಃಖವು ನಮಗೆ ಅಪರಿಚಿತವಲ್ಲ. 16 ಮತ್ತು 17ನೆಯ ಶತಮಾನಗಳಲ್ಲಿ ಗೋವೆಯಿಂದ ವಲಸೆ ಬಂದ ನಮ್ಮ ಹಿರಿಯರು ಈ ಕರಾವಳಿಯಲ್ಲಿ ನೆಲೆಯೂರಿದರು. ಸಂತೆಕಟ್ಟೆಗೆ ಸಮೀಪದ ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿಯು 1678ರಷ್ಟು ಹಳೆಯದು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರು ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟರು. ಅನೇಕ ಇಗರ್ಜಿಗಳು ನೆಲಸಮವಾದವು. 1799ರ ಮೇ 4ರಂದು ಆ ಕೋಟೆಯು ಪತನಗೊಂಡ ಮೇಲೆ ಬದುಕುಳಿದವರು ಮರಳಿ ಬಂದರು. ಇಗರ್ಜಿಯೇ ಉರುಳಿದಲ್ಲಿ ಅದರ ಪುಸ್ತಕಗಳು ಉಳಿಯುವುದೆಂತು? ಎಷ್ಟೋ ಮನೆತನಗಳ ಕಥೆಯು ಹಿರಿಯರ ಬಾಯಿಮಾತಿನಲ್ಲಿ ಆ ಸೆರೆಯವರೆಗೆ ಹೋಗಿ ಅಲ್ಲಿಯೇ ನಿಂತುಬಿಡುತ್ತದೆ.

ಹೀಗಿರುವಾಗ ಸಂತ ಮತ್ತಾಯನು ಮಾಡಿದುದನ್ನು ಗಮನಿಸೋಣ. ಆತನು ವಂಶಾವಳಿಯನ್ನು ಹದಿನಾಲ್ಕು ತಲೆಗಳ ಮೂರು ಭಾಗಗಳಾಗಿ ವಿಂಗಡಿಸಿ, ಒಂದು ಗಡಿಯಲ್ಲಿ ದಾವೀದನ ಸಿಂಹಾಸನವನ್ನೂ ಇನ್ನೊಂದು ಗಡಿಯಲ್ಲಿ ಬಾಬಿಲೋನಿನ ಸೆರೆಯನ್ನೂ ಇರಿಸಿದನು. ಅವಮಾನದ ಆ ಕಾಲವನ್ನು ಮರೆಮಾಚಲಿಲ್ಲ. ತಾಮಾರ್, ರಾಹಾಬ್, ರೂತ್, ಊರೀಯನ ಪತ್ನಿ ಎಂಬ ನಾಲ್ವರು ಸ್ತ್ರೀಯರನ್ನು ಸೇರಿಸಿದನು. ರಾಹಾಬಳು ಕಾನಾನ್ಯಳು, ರೂತಳು ಮೋವಾಬ್ಯಳು. ಕೊನೆಯ ಭಾಗದಲ್ಲಿ ಜೆರುಬ್ಬಾಬೆಲನಿಂದ ಈಚೆಗೆ ಬರುವ ಅಬಿಯೂದ್, ಅಜೋರ್, ಅಖೀಮ್ ಮೊದಲಾದವರ ಕುರಿತು ಹಳೆಯ ಒಡಂಬಡಿಕೆಯಲ್ಲಿ ಒಂದು ಮಾತೂ ಇಲ್ಲ. ಚರಿತ್ರೆಯು ಮರೆತ ಈ ಸಾಮಾನ್ಯರ ಮೂಲಕವೇ ದೇವರ ವಾಗ್ದಾನವು ಸಂತ ಜೋಸೆಫರ ಮನೆಯನ್ನು ತಲಪಿತು. ವಂಶಾವಳಿಯ ಆತ್ಮಿಕ ಅರ್ಥವು ಇದೇ: ರಕ್ತವು ಶುದ್ಧವಾಗಿತ್ತೆಂದು ಅದು ಸಾರುವುದಿಲ್ಲ, ದೇವರು ನಂಬಿಗಸ್ತರಾಗಿದ್ದರೆಂದು ಸಾರುತ್ತದೆ.

ನಮ್ಮ ಕುಲನಾಮಗಳೂ ಇದನ್ನೇ ಹೇಳುತ್ತವೆ. ಡಿಸೋಜ, ಲೋಬೊ, ಪಿಂಟೊ ಮುಂತಾದ ಹೆಸರುಗಳು ಗೋವೆಯ ದೀಕ್ಷಾಸ್ನಾನದ ತೊಟ್ಟಿಯ ಬಳಿ, ಜ್ಞಾನಪಿತರಿಂದಲೋ ಧರ್ಮಪ್ರಚಾರಕರಿಂದಲೋ ನಮ್ಮ ಹಿರಿಯರಿಗೆ ದೊರೆತವು, ರಕ್ತಸಂಬಂಧದಿಂದ ಬಂದವುಗಳಲ್ಲ. ದೀಕ್ಷಾಸ್ನಾನದಲ್ಲಿ ಜ್ಞಾನಪಿತರ ಹೆಸರನ್ನು ಪುಸ್ತಕದಲ್ಲಿ ದಾಖಲಿಸಬೇಕೆಂದು ಟ್ರೆಂಟ್ ಮಹಾಸಭೆಯು 1563ರಲ್ಲಿ ವಿಧಿಸಿತು. 1614ರ ರೋಮನ್ ವಿಧಿಗ್ರಂಥವು ದೀಕ್ಷಾಸ್ನಾನ, ದೃಢೀಕರಣ, ವಿವಾಹ, ಮರಣ ಮತ್ತು ಕುಟುಂಬಗಳ ಸ್ಥಿತಿಗತಿ ಎಂಬ ಐದು ಪುಸ್ತಕಗಳಿಗೆ ಮಾದರಿಯನ್ನು ಒದಗಿಸಿತು. ಧರ್ಮಕೇಂದ್ರದ ಕಪಾಟಿನಲ್ಲಿರುವ ಈ ಪುಸ್ತಕಗಳಲ್ಲಿ ಜಮೀನುದಾರನ ಮಗುವೂ ಗೇಣಿದಾರನ ಮಗುವೂ ಒಂದೇ ಪುಟದಲ್ಲಿ, ಬಂದ ದಿನದ ಕ್ರಮದಲ್ಲಿಯೇ ನಿಲ್ಲುತ್ತವೆ.

ಆದರೆ ಈ ಪುಟದ ಸಮಾನತೆಯು ಮನೆಯ ಜಗಲಿಗೆ ಬಂದಿದೆಯೇ? ಗೋವೆಯಿಂದ ಜೊತೆಯಲ್ಲಿ ಬಂದ ಬಾಮಣ್, ಚಾರೊಡಿ, ಸುದಿರ್ ಎಂಬ ಭೇದಗಳು ವಿವಾಹದ ಮಾತುಕತೆಗಳಲ್ಲಿ ತಲೆಮಾರುಗಳವರೆಗೆ ಬಾಳಿದವು. ಅವುಗಳ ನೆರಳು ಇಂದಿಗೂ ಪೂರ್ಣವಾಗಿ ಅಳಿದಿಲ್ಲ. ಅಬ್ರಹಾಮನ ಸಂತತಿಯೆಂದು ಬೀಗಿದವರಿಗೆ ಸ್ನಾನಿಕ ಯೊವಾನ್ನನು, ದೇವರು ಈ ಕಲ್ಲುಗಳಿಂದಲೂ ಅಬ್ರಹಾಮನಿಗೆ ಮಕ್ಕಳನ್ನು ಎಬ್ಬಿಸಬಲ್ಲರೆಂದು ಎಚ್ಚರಿಸಿದನು. ಕೊನೆಯಿಲ್ಲದ ವಂಶಾವಳಿಗಳ ವಿವಾದವನ್ನು ತ್ಯಜಿಸುವಂತೆ ತಿಮೊಥೇಯನಿಗೂ ತೀತನಿಗೂ ಬರೆದ ಪತ್ರಗಳು ಉಪದೇಶಿಸುತ್ತವೆ.

ಆದುದರಿಂದ ಪ್ರತಿಯೊಂದು ಕುಟುಂಬವೂ ತನ್ನ ವಂಶಾವಳಿಯನ್ನು ಬರೆದಿಡಲಿ. ಆದರೆ ಮತ್ತಾಯನಂತೆ ಬರೆಯಲಿ. ಬಡವನಾಗಿದ್ದ ಅಜ್ಜನನ್ನೂ, ಪರವೂರಿನಿಂದ ಬಂದ ಸೊಸೆಯನ್ನೂ, ಹಿರಿಯರು ಹೆಸರೆತ್ತಲು ಹಿಂಜರಿಯುತ್ತಿದ್ದ ಮಗಳನ್ನೂ ಬಿಡದಿರಲಿ. ಸೆರೆಯಲ್ಲಿ ಕಳೆದುಹೋದವರ ಹೆಸರು ನಮಗೆ ಸಿಗದಿದ್ದರೆ ಅಲ್ಲೊಂದು ಸಾಲನ್ನು ಖಾಲಿ ಬಿಡೋಣ. ಆ ಸಾಲು ಜೀವಗ್ರಂಥದಲ್ಲಿ ಖಾಲಿ ಇರುವುದಿಲ್ಲವೆಂಬುದೇ ನಮ್ಮ ವಿಶ್ವಾಸ.