ವಿಂಡೋಸ್ ಡಿಫೆಂಡರ್ ವೈರಸ್ ನಿರೋಧಕ ತಂತ್ರಾಂಶದ ನವೀಕರಣ ಮತ್ತು ಹೊಸ ಸೌಲಭ್ಯಗಳು: ಆನ್‌ಲೈನ್ ಅರ್ಜಿದಾರರಿಗೆ ಮಾಹಿತಿ

ಮನೆಯ ಗಣಕಯಂತ್ರದಿಂದ ಪಿಂಚಣಿ, ವಿದ್ಯಾರ್ಥಿವೇತನ, ಪ್ರಮಾಣಪತ್ರ ಮುಂತಾದ ಸೇವೆಗಳಿಗೆ ಅರ್ಜಿ ಸಲ್ಲಿಸುವವರು ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಪಹಣಿ, ಜಾತಿ ಹಾಗೂ ಆದಾಯ ಪ್ರಮಾಣಪತ್ರಗಳನ್ನು ಸ್ಕ್ಯಾನ್ ಮಾಡಿ ಅದೇ ಯಂತ್ರದಲ್ಲಿ ಉಳಿಸಿರುತ್ತಾರೆ. ಅರ್ಜಿ ವಿಲೇವಾರಿಯಾದ ನಂತರವೂ ಈ ಕಡತಗಳು ಅಲ್ಲಿಯೇ ಇರುತ್ತವೆ. ಅವುಗಳ ರಕ್ಷಣೆಯು ಬಹುಮಟ್ಟಿಗೆ ವೈರಸ್ ನಿರೋಧಕ ತಂತ್ರಾಂಶವನ್ನು ಅವಲಂಬಿಸಿದೆ. ವಿಂಡೋಸ್ 8ರಿಂದ ಈಚಿನ ಎಲ್ಲಾ ಆವೃತ್ತಿಗಳಲ್ಲಿ ಡಿಫೆಂಡರ್ ಎಂಬ ತಂತ್ರಾಂಶವು ಪ್ರತ್ಯೇಕ ಶುಲ್ಕವಿಲ್ಲದೆ ಅಳವಡಿಕೆಯಾಗಿಯೇ ಬರುತ್ತದೆ. ಅದರ ನವೀಕರಣದ ಬಗ್ಗೆ ಅರ್ಜಿದಾರರು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ನೀಡಲಾಗಿದೆ.

ನವೀಕರಣ ಎಂದರೇನು?

ಡಿಫೆಂಡರ್‌ಗೆ ಎರಡು ಬಗೆಯ ನವೀಕರಣಗಳು ಬರುತ್ತವೆ. ಮೊದಲನೆಯದು ಹೊಸದಾಗಿ ಪತ್ತೆಯಾದ ವೈರಸ್‌ಗಳ ಗುರುತು ಪಟ್ಟಿ. ಇದು ದಿನಕ್ಕೆ ಹಲವು ಬಾರಿ ಬಿಡುಗಡೆಯಾಗುತ್ತದೆ. ಎರಡನೆಯದು ತಪಾಸಣೆ ನಡೆಸುವ ತಂತ್ರಾಂಶದ ಪರಿಷ್ಕರಣೆ. ಇದು ಸಾಮಾನ್ಯವಾಗಿ ತಿಂಗಳಿಗೊಮ್ಮೆ ಬರುತ್ತದೆ. ಇವೆರಡಕ್ಕಿಂತ ಭಿನ್ನವಾದುದು ವಿಂಡೋಸ್ ಕಾರ್ಯಾಚರಣಾ ವ್ಯವಸ್ಥೆಯ ಭದ್ರತಾ ನವೀಕರಣ. ಈ ವ್ಯತ್ಯಾಸವನ್ನು ಗಮನಿಸದಿರುವುದರಿಂದಲೇ ಹೆಚ್ಚಿನ ತೊಂದರೆ ಉಂಟಾಗುತ್ತದೆ.

ವಿಂಡೋಸ್ 10 ಬಳಸುವವರ ವಿಶೇಷ ಗಮನಕ್ಕೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿರುತ್ತದೆ. ಆದರೆ ಅದರಲ್ಲಿರುವ ಡಿಫೆಂಡರ್‌ಗೆ ವೈರಸ್ ಗುರುತು ಪಟ್ಟಿಯನ್ನು ಕನಿಷ್ಠ 2028ರ ಅಕ್ಟೋಬರ್‌ವರೆಗೆ ಒದಗಿಸುವುದಾಗಿ ಸಂಸ್ಥೆಯು ಪ್ರಕಟಿಸಿದೆ. ಇದರಿಂದಾಗಿ ಪರದೆಯ ಮೇಲೆ ಹಸಿರು ಗುರುತು ಎಂದಿನಂತೆ ಕಾಣಿಸುತ್ತಿದ್ದು, ಎಲ್ಲವೂ ಸರಿಯಿದೆ ಎಂಬ ಭಾವನೆ ಮೂಡುವುದು ಸಹಜ. ಪಟ್ಟಿಯು ಹೊಸದಾಗಿದ್ದರೂ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಕಂಡುಬರುವ ಹೊಸ ದೋಷಗಳು ದುರಸ್ತಿಯಾಗುವುದಿಲ್ಲ. ಮನೆಯ ಕಾವಲುಗಾರನನ್ನು ಉಳಿಸಿಕೊಂಡು ಮುರಿದ ಬಾಗಿಲನ್ನು ಹಾಗೆಯೇ ಬಿಟ್ಟಂತೆ ಇದು.

2017ರ ಮೇ 12ರಂದು ಹರಡಿದ ವಾನ್ನಾಕ್ರೈ ಎಂಬ ಸುಲಿಗೆ ವೈರಸ್ ಇದಕ್ಕೆ ನಿದರ್ಶನ. ಅದು ಬಳಸಿಕೊಂಡ ದೋಷಕ್ಕೆ ಅದೇ ವರ್ಷದ ಮಾರ್ಚ್ 14ರಂದೇ ದುರಸ್ತಿ ಬಿಡುಗಡೆಯಾಗಿತ್ತು. ದುರಸ್ತಿಯನ್ನು ಅಳವಡಿಸಿಕೊಳ್ಳದ ಯಂತ್ರಗಳು ಬಳಕೆದಾರರು ಯಾವ ಕಡತವನ್ನೂ ತೆರೆಯದಿದ್ದರೂ ಜಾಲದ ಮೂಲಕವೇ ಸೋಂಕಿಗೆ ಒಳಗಾದವು.

ವಿಂಡೋಸ್ 10ರ 22ಎಚ್2 ಆವೃತ್ತಿ ಹೊಂದಿರುವ ಗೃಹ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗಿನ ವಿಸ್ತರಿತ ಭದ್ರತಾ ನವೀಕರಣವನ್ನು ಪ್ರಕಟಿಸಲಾಯಿತು. ಇದು ನೋಂದಾಯಿಸಿಕೊಂಡವರಿಗೆ ಮಾತ್ರ ಅನ್ವಯಿಸುತ್ತದೆ. ಯಂತ್ರವು ಅರ್ಹವಾಗಿದ್ದಲ್ಲಿ ವಿಂಡೋಸ್ 11ಕ್ಕೆ ಬದಲಾಯಿಸಿಕೊಳ್ಳುವುದು ಉತ್ತಮ.

ಹೊಸ ಸೌಲಭ್ಯಗಳು

ಹಳೆಯ ಆವೃತ್ತಿಯಿಂದ ಹೊಸದಕ್ಕೆ ಬರುವವರಿಗೆ ಮುಖ್ಯವಾಗಿ ಮೂರು ಸೌಲಭ್ಯಗಳು ದೊರೆಯುತ್ತವೆ. 2019ರಲ್ಲಿ ಬಂದ ಟ್ಯಾಂಪರ್ ಪ್ರೊಟೆಕ್ಷನ್, ಹಾನಿಕಾರಕ ತಂತ್ರಾಂಶವು ಡಿಫೆಂಡರನ್ನೇ ಸ್ಥಗಿತಗೊಳಿಸದಂತೆ ತಡೆಯುತ್ತದೆ. ಇದನ್ನು ಯಾವ ಕಾರಣಕ್ಕೂ ನಿಷ್ಕ್ರಿಯಗೊಳಿಸಬಾರದು. 2020ರಲ್ಲಿ ಸೇರಿಸಲಾದ ಇನ್ನೊಂದು ಸೌಲಭ್ಯವು ಉಚಿತ ತಂತ್ರಾಂಶಗಳೊಂದಿಗೆ ನುಸುಳುವ ಜಾಹೀರಾತು ತಂತ್ರಾಂಶಗಳಂತಹ ಅನಗತ್ಯ ತಂತ್ರಾಂಶಗಳನ್ನು ತಡೆಯುತ್ತದೆ.

ಅರ್ಜಿದಾರರಿಗೆ ಹೆಚ್ಚು ಸಂಬಂಧಪಡುವುದು 2017ರಲ್ಲಿ ಬಂದ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮುಂತಾದ ಫೋಲ್ಡರ್‌ಗಳಲ್ಲಿನ ಕಡತಗಳನ್ನು ಅಪರಿಚಿತ ತಂತ್ರಾಂಶಗಳು ಬದಲಾಯಿಸದಂತೆ ಇದು ನಿರ್ಬಂಧಿಸುತ್ತದೆ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್‌ಗಳ ವಿರುದ್ಧ ಇದು ಉಪಯುಕ್ತ. ಆದರೆ ಇದು ತಾನಾಗಿ ಚಾಲ್ತಿಯಲ್ಲಿರುವುದಿಲ್ಲ. ವಿಂಡೋಸ್ ಸೆಕ್ಯುರಿಟಿಯಲ್ಲಿ ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್ ವಿಭಾಗದ ಕೊನೆಯಲ್ಲಿರುವ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್ ಅಡಿಯಲ್ಲಿ ಚಾಲನೆಗೊಳಿಸಬೇಕು.

ಚಾಲನೆಗೊಳಿಸಿದ ನಂತರ ಕೆಲವು ಸ್ಕ್ಯಾನರ್ ತಂತ್ರಾಂಶಗಳು ಡಾಕ್ಯುಮೆಂಟ್ಸ್ ಫೋಲ್ಡರ್‌ನಲ್ಲಿ ಕಡತ ಉಳಿಸಲು ವಿಫಲವಾಗಬಹುದು. ಇದನ್ನು ಯಂತ್ರದ ದೋಷವೆಂದು ಭಾವಿಸಿ ಡಿಫೆಂಡರನ್ನೇ ಸ್ಥಗಿತಗೊಳಿಸುವ ಅಗತ್ಯವಿಲ್ಲ. ಅದೇ ಪುಟದಲ್ಲಿ ಸದರಿ ಸ್ಕ್ಯಾನರ್ ತಂತ್ರಾಂಶಕ್ಕೆ ಮಾತ್ರ ಅನುಮತಿ ನೀಡಿದರೆ ಸಾಕು.

ಈ ಸೌಲಭ್ಯಕ್ಕೆ ಎರಡು ಮಿತಿಗಳಿವೆ. ಜಾಲತಾಣದಿಂದ ಪಡೆದ ಅರ್ಜಿಯ ಸ್ವೀಕೃತಿ ಪತ್ರವು ಸಾಮಾನ್ಯವಾಗಿ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿರುತ್ತದೆ. ಈ ಫೋಲ್ಡರ್ ಪೂರ್ವನಿಗದಿತ ರಕ್ಷಣಾ ಪಟ್ಟಿಯಲ್ಲಿಲ್ಲ. ಆದುದರಿಂದ ಸ್ವೀಕೃತಿಯನ್ನು ಡಾಕ್ಯುಮೆಂಟ್ಸ್‌ಗೆ ವರ್ಗಾಯಿಸಿಕೊಳ್ಳತಕ್ಕದ್ದು. ಎರಡನೆಯದಾಗಿ, ಇದು ಕಡತ ಬದಲಾಗುವುದನ್ನು ತಡೆಯುತ್ತದೆಯೇ ಹೊರತು ಓದುವುದನ್ನಾಗಲೀ ಕದ್ದು ಕಳುಹಿಸುವುದನ್ನಾಗಲೀ ತಡೆಯುವುದಿಲ್ಲ. ಅಗತ್ಯ ಮುಗಿದ ಆಧಾರ್ ಪ್ರತಿಯನ್ನು ಅಳಿಸುವುದೇ ಸೂಕ್ತ. ಉಳಿಸಲೇಬೇಕಾದ ದಾಖಲೆಗಳನ್ನು ಪೆನ್‌ಡ್ರೈವ್‌ನಲ್ಲಿಯೂ ಇಟ್ಟು, ಅದನ್ನು ಯಂತ್ರದಿಂದ ತೆಗೆದಿರಿಸಬೇಕು. ಜೋಡಿಸಿಯೇ ಬಿಟ್ಟ ಪೆನ್‌ಡ್ರೈವ್‌ಗೂ ವೈರಸ್ ಬೀಗ ಹಾಕಬಲ್ಲದು.

ಯಾವಾಗ ನವೀಕರಿಸಬೇಕು?

ಗುರುತು ಪಟ್ಟಿಯನ್ನು ಅರ್ಜಿ ತುಂಬುವ ಮುನ್ನವೇ ಪ್ರೊಟೆಕ್ಷನ್ ಅಪ್‌ಡೇಟ್ಸ್ ಎಂಬಲ್ಲಿ ಪರಿಶೀಲಿಸಿ. ಕೊನೆಯ ನವೀಕರಣದ ದಿನಾಂಕ ಹಲವು ದಿನ ಹಿಂದಿನದಾಗಿದ್ದರೆ ಚೆಕ್ ಫಾರ್ ಅಪ್‌ಡೇಟ್ಸ್ ಗುಂಡಿಯನ್ನು ಒತ್ತಬೇಕು. ಆದರೆ ವಿಂಡೋಸ್ ಆವೃತ್ತಿಯನ್ನೇ ಬದಲಾಯಿಸುವಂತಹ ದೊಡ್ಡ ಕೆಲಸವನ್ನು ಅರ್ಜಿಯ ಅಂತಿಮ ದಿನದಂದು ಕೈಗೊಳ್ಳಬಾರದು. ರಕ್ಷಣಾ ತಂತ್ರಾಂಶದ ನವೀಕರಣವೂ ತಪ್ಪಬಹುದು: 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯು ಕಳುಹಿಸಿದ ಒಂದು ದೋಷಪೂರಿತ ಕಡತದಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಸ್ಥಗಿತಗೊಂಡವು. ಅದು ಹೆಚ್ಚಾಗಿ ದೊಡ್ಡ ಸಂಸ್ಥೆಗಳು ಬಳಸುವ ತಂತ್ರಾಂಶವಾಗಿದ್ದರೂ, ವಿಮಾನ ನಿಲ್ದಾಣಗಳಲ್ಲಿ ಸಾಮಾನ್ಯ ಪ್ರಯಾಣಿಕರೇ ತೊಂದರೆ ಅನುಭವಿಸಿದರು.

ನಕಲಿ ಸೂಚನೆಗಳು

ಯಾವುದೋ ಜಾಲಪುಟ ನೋಡುತ್ತಿರುವಾಗ “ನಿಮ್ಮ ಯಂತ್ರಕ್ಕೆ ವೈರಸ್ ತಗುಲಿದೆ, ಕೂಡಲೇ ಈ ಸಂಖ್ಯೆಗೆ ಕರೆ ಮಾಡಿ” ಎಂದು ಪರದೆ ತುಂಬಾ ಕಾಣಿಸಿದರೆ ಅದು ವಂಚನೆ. ಡಿಫೆಂಡರ್ ದೂರವಾಣಿ ಕರೆ ಮಾಡಲು ಹೇಳುವುದಿಲ್ಲ, ನವೀಕರಣಕ್ಕೆ ಹಣವನ್ನೂ ಕೇಳುವುದಿಲ್ಲ. ಬೇರೆ ಸಂಸ್ಥೆಯ ವೈರಸ್ ನಿರೋಧಕವನ್ನು ಖರೀದಿಸಿದವರು ಅದರ ಅವಧಿ ಮುಗಿದಿದೆಯೇ ಎಂಬುದನ್ನು ಆ ತಂತ್ರಾಂಶದೊಳಗೇ ನೋಡಬೇಕು. ಮಿಂಚಂಚೆಯಲ್ಲಿ ಬಂದ ಕೊಂಡಿಯನ್ನು ಒತ್ತಬಾರದು. ಮೊಬೈಲ್‌ಗೆ ವಾಟ್ಸ್‌ಆ್ಯಪ್ ಮೂಲಕ ಬರುವ ಎಪಿಕೆ ಕಡತಗಳಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಯಂತ್ರಕ್ಕೆ ಸೋಂಕು ತಗುಲಿದ ಸಂಶಯವಿದ್ದಲ್ಲಿ

ಅಂತಹ ಯಂತ್ರದಲ್ಲಿ ಗುಪ್ತಪದವನ್ನಾಗಲೀ ಒಟಿಪಿಯನ್ನಾಗಲೀ ನಮೂದಿಸಬಾರದು. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 2017ರ ಫೆಬ್ರವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿ ಸೋಂಕು ನಿವಾರಣಾ ಸಾಧನಗಳು ಉಚಿತವಾಗಿ ದೊರೆಯುತ್ತವೆ. ಯಂತ್ರವು ಸರಿಹೋಗುವವರೆಗೆ ಅರ್ಜಿದಾರರು ಸಮೀಪದ ಗ್ರಾಮ ಒನ್, ಕರ್ನಾಟಕ ಒನ್ ಅಥವಾ ಬೆಂಗಳೂರು ಒನ್ ಕೇಂದ್ರದಲ್ಲಿ ವಿಚಾರಿಸಿ, ಅಲ್ಲಿ ಲಭ್ಯವಿರುವ ಸೇವೆಗಳಿಗೆ ಅರ್ಜಿ ಸಲ್ಲಿಸಬಹುದು. ಬ್ಯಾಂಕ್ ಖಾತೆಯಿಂದ ಹಣ ಹೋಗಿರುವುದು ಕಂಡುಬಂದಲ್ಲಿ ವಿಳಂಬ ಮಾಡದೆ 1930 ಸಹಾಯವಾಣಿಗೆ ಕರೆ ಮಾಡಿ ದೂರು ದಾಖಲಿಸಿ, ತಮ್ಮ ಬ್ಯಾಂಕಿಗೂ ತಿಳಿಸತಕ್ಕದ್ದು.